ಅಮೆರಿಕದಲ್ಲಿ ಓದೋ ಮಕ್ಕಳ ರೆಕಾರ್ಡು: ಫೆರ್ಪಾ ಫಾರ್ಮ್ ತುಂಬೋದು ಹೇಗೆ, ಊರಲ್ಲಿರೋ ಅಪ್ಪ ಅಮ್ಮಂಗೆ ಏನು ಗೊತ್ತಿರ್ಬೇಕು

ನಮ್ಮ ಕಡೆ ಇಂಜಿನಿಯರಿಂಗ್ ಕಾಲೇಜಲ್ಲಿ ಇಂಟರ್ನಲ್ಸ್ ಮಾರ್ಕ್ಸನ್ನ ಯುಎಸ್‌ಎನ್ (ಯೂನಿವರ್ಸಿಟಿ ಸೀಟ್ ನಂಬರ್) ಸಮೇತ ನೋಟಿಸ್ ಬೋರ್ಡಿಗೆ ಅಂಟಿಸಿಬಿಡ್ತಾರೆ, ಅಟೆಂಡೆನ್ಸ್ ಶಾರ್ಟೇಜ್ ಆದ್ರೆ ಅಪ್ಪನ ಮೊಬೈಲಿಗೆ ಮೆಸೇಜ್ ಬರತ್ತೆ, ಇನ್ನೂ ಹೆಚ್ಚಾದ್ರೆ ಎಚ್‌ಒಡಿ ಮನೆಯವರನ್ನೇ ಕರೆಸಿ ಕೂರಿಸಿ ಮಾತಾಡ್ತಾರೆ. ಇದನ್ನೇ ನೋಡ್ಕೊಂಡು ಬಂದ ಅಪ್ಪ ಅಮ್ಮ ಮಗ ಎಂಎಸ್‌ಗೆ ಅಮೆರಿಕಕ್ಕೆ ಹೋದ್ಮೇಲೆ ಒಂದಿನ ಗಾಬರಿಯಾಗಿ ಯೂನಿವರ್ಸಿಟಿಗೆ ಫೋನ್ ಮಾಡಿ "ನಮ್ಮ ಹುಡುಗ ಹೇಗೆ ಓದ್ತಿದಾನೆ, ಕ್ಲಾಸಿಗೆ ಹೋಗ್ತಿದಾನಾ" ಅಂತ ಕೇಳಿದ್ರೆ ಆ ಕಡೆಯವರು ತುಂಬ ಮರ್ಯಾದೆಯಿಂದಾನೇ ಏನೂ ಹೇಳೋಕಾಗಲ್ಲ ಅಂದ್ಬಿಡ್ತಾರೆ. ಸಾಲ ತೆಗೆದು ಫೀಸ್ ಕಟ್ಟಿರೋದು ನಾವು, ನಮಗೇ ಹೇಳಲ್ಲ ಅಂದ್ರೆ ಏನರ್ಥ ಅಂತ ಸಂಕಟ ಆಗೋದು ಸಹಜ. ಆದ್ರೆ ಆ ಆಫೀಸಲ್ಲಿ ಕೂತಿರೋರು ಸೊಕ್ಕಿಂದ ಹಾಗಂತಿಲ್ಲ, ಕಾನೂನು ಇರೋದೇ ಹಾಗೆ. ಆ ಕಾನೂನನ್ನ ವಿಮಾನ ಹತ್ತೋ ಮುಂಚೆನೇ ಮನೇಲಿ ಎಲ್ಲರೂ ಕೂತು ತಿಳ್ಕೊಂಡ್ರೆ ಆಮೇಲೆ ಆಗೋ ಅರ್ಧ ಗಾಬರಿ ತಪ್ಪತ್ತೆ, ಅದಕ್ಕೇ ಇದನ್ನ ಬರೀತಿದೀನಿ.

ಕಾನೂನಿನ ಹೆಸರು ಫ್ಯಾಮಿಲಿ ಎಜುಕೇಷನಲ್ ರೈಟ್ಸ್ ಅಂಡ್ ಪ್ರೈವಸಿ ಆಕ್ಟ್, ಎಲ್ಲರೂ ಫೆರ್ಪಾ ಅಂತಾರೆ. 1974ರಲ್ಲಿ ಬಂದಿದ್ದು, ನ್ಯೂಯಾರ್ಕಿನ ಸೆನೆಟರ್ ಜೇಮ್ಸ್ ಬಕ್ಲಿ ತಂದಿದ್ದು, ಸಹಿ ಹಾಕಿದ್ದು ಪ್ರೆಸಿಡೆಂಟ್ ಜೆರಾಲ್ಡ್ ಫೋರ್ಡ್. ಅಮೆರಿಕ ಸರ್ಕಾರದ ಎಜುಕೇಷನ್ ಡಿಪಾರ್ಟ್‌ಮೆಂಟಿಂದ ದುಡ್ಡು ತಗೊಳ್ಳೋ ಸ್ಕೂಲು ಕಾಲೇಜು ಎಲ್ಲಕ್ಕೂ ಇದು ಅನ್ವಯ ಆಗತ್ತೆ, ಅಂದ್ರೆ ನಮ್ಮ ಹುಡುಗರು ಹೋಗೋ ಹೆಚ್ಚುಕಮ್ಮಿ ಎಲ್ಲಾ ಯೂನಿವರ್ಸಿಟಿಗೂ. ಓದಿನ ರೆಕಾರ್ಡನ್ನ ನೋಡೋದು, ಅದನ್ನ ಬೇರೆಯವರಿಗೆ ಕೊಡೋಕೆ ಒಪ್ಪಿಗೆ ಕೊಡೋದು ಯಾರ ಹಕ್ಕು ಅನ್ನೋದನ್ನ ಈ ಕಾನೂನು ಹೇಳತ್ತೆ. ಸ್ಕೂಲಲ್ಲಿರೋ ತನಕ ಆ ಹಕ್ಕು ಅಪ್ಪ ಅಮ್ಮಂದು, ಮಗುಗೆ 18 ತುಂಬಿದ್ರೆ ಅಥವಾ ಯಾವ ವಯಸ್ಸಿಗೇ ಆಗಲಿ ಕಾಲೇಜು ಸೇರಿದ್ರೆ ಆ ಹಕ್ಕು ಪೂರ್ತಿ ವಿದ್ಯಾರ್ಥಿಗೆ ಬರತ್ತೆ. 17 ವರ್ಷದ ಹುಡುಗಿ ಡಿಗ್ರಿಗೆ ಸೇರಿದ್ರೂ ಅವಳ ಗ್ರೇಡು ಅವಳದ್ದೇ. ನೀವು ಅಲ್ಲಿನ ಸಿಟಿಜನ್ ಆಗಿರ್ಬೇಕು ಅಂತೇನಿಲ್ಲ, ಎಫ್-1 ವೀಸಾದಲ್ಲಿರೋ ವಿದ್ಯಾರ್ಥಿಗೂ ಇದೇ ಹಕ್ಕು.

ಮೊದಲ ಕೆಲಸ, ಒಪ್ಪಿಗೆ ಫಾರ್ಮ್

ಆಗಸ್ಟಲ್ಲಿ ಬಂದಿಳಿದ ವಾರದಲ್ಲೇ ಇದನ್ನ ಮುಗಿಸಿ ಅಂತ ನಾನು ಹೊಸಬರಿಗೆ ಹೇಳ್ತಾನೇ ಇರ್ತೀನಿ, ಆದ್ರೆ ಮನೆ ಹುಡುಕೋದು, ಸಿಮ್ಮು, ಬ್ಯಾಂಕ್ ಅಕೌಂಟು ಅಂತ ಓಡಾಡೋದ್ರಲ್ಲಿ ಇದು ಹಿಂದೆ ಬೀಳತ್ತೆ. ವಿದ್ಯಾರ್ಥಿಗಳ ರೆಕಾರ್ಡ್ ನೋಡ್ಕೊಳ್ಳೋ ರಿಜಿಸ್ಟ್ರಾರ್ ಆಫೀಸಿನ ವೆಬ್‌ಸೈಟಲ್ಲಿ ಫೆರ್ಪಾ ಅಂತ ಸರ್ಚ್ ಮಾಡಿ, ರಿಲೀಸ್ ಫಾರ್ಮ್ ಅಂತಲೋ ಕನ್ಸೆಂಟ್ ಫಾರ್ಮ್ ಅಂತಲೋ ಪ್ರಾಕ್ಸಿ ಆಕ್ಸೆಸ್ ಅಂತಲೋ ಸಿಗತ್ತೆ, ಹೆಸರು ಒಂದೊಂದು ಕಡೆ ಒಂದೊಂದು ಥರ. ಕಾನೂನಿನ ಪ್ರಕಾರ ಆ ಒಪ್ಪಿಗೆಯಲ್ಲಿ ಮೂರು ವಿಷಯ ಇರಲೇಬೇಕು: ಯಾವ ರೆಕಾರ್ಡು, ಯಾಕೆ ಕೊಡ್ಬೇಕು, ಯಾರಿಗೆ ಕೊಡ್ಬೇಕು. ಕೆಳಗೆ ನಿಮ್ಮ ಸಹಿ ಮತ್ತು ತಾರೀಕು, ಆನ್‌ಲೈನ್ ಸಹಿನೂ ನಡಿಯತ್ತೆ.

ಫಾರ್ಮ್ ತೆಗೆದು ನೋಡಿದ್ರೆ ಸಾಮಾನ್ಯವಾಗಿ ಬಾಕ್ಸುಗಳು ಬೇರೆ ಬೇರೆ ಇರ್ತವೆ. ಅಕಾಡೆಮಿಕ್ ಅಂದ್ರೆ ಗ್ರೇಡು, ಜಿಪಿಎ, ಯಾವ ಕೋರ್ಸು ತಗೊಂಡಿದೀರ, ಪ್ರೊಬೇಷನ್ (ಗ್ರೇಡು ಕಮ್ಮಿ ಆದಾಗ ಕೊಡೋ ಎಚ್ಚರಿಕೆ) ಇದೆಯಾ ಅನ್ನೋದು. ಫೀಸಿನದ್ದು ಒಂದು ಬಾಕ್ಸು, ಸ್ಕಾಲರ್‌ಶಿಪ್ಪು ಮತ್ತು ಏಡ್ ಅಂದ್ರೆ ಹಣದ ನೆರವಿಂದು ಇನ್ನೊಂದು, ಹಾಸ್ಟೆಲ್‌ದು ಮತ್ತೊಂದು, ಶಿಸ್ತು ಕ್ರಮ ಅಂದ್ರೆ ಕಂಡಕ್ಟ್ ರೆಕಾರ್ಡು ಬೇರೆ. ಎಲ್ಲಕ್ಕೂ ಟಿಕ್ ಹಾಕ್ಲೇಬೇಕು ಅಂತಿಲ್ಲ. ಅಪ್ಪ ಫೀಸ್ ಕಟ್ತಿದಾರೆ ಅಂದ್ರೆ ಫೀಸಿನ ಬಾಕ್ಸಿಗೆ ಟಿಕ್ ಹಾಕಿ, ಗ್ರೇಡ್ ವಿಷಯ ನಾನೇ ಹೇಳ್ತೀನಿ ಅಂತ ಬಿಡಬಹುದು, ಅದು ನಿಮ್ಮ ಮನೆಯ ಒಪ್ಪಂದ. ಕೆಲವು ಯೂನಿವರ್ಸಿಟಿಲಿ ಒಂದು ಪಾಸ್‌ಕೋಡ್ ಕೇಳ್ತಾರೆ, ಅಪ್ಪ ಫೋನ್ ಮಾಡಿದಾಗ ಆ ಪಾಸ್‌ಕೋಡ್ ಹೇಳಿದ್ರೆ ಮಾತ್ರ ಮಾತಾಡ್ತಾರೆ, ಅದನ್ನ ಅಪ್ಪನಿಗೆ ಡೈರಿಲಿ ಬರ್ಕೊಳ್ಳೋಕೆ ಹೇಳಿ. ಫಾರ್ಮ್ ಯಾವಾಗ ಎಕ್ಸ್‌ಪೈರ್ ಆಗತ್ತೆ ಅಂತಾನೂ ನೋಡ್ಕೊಳ್ಳಿ, ಕೆಲವು ಕಡೆ ವರ್ಷಾವರ್ಷ ಹೊಸದಾಗಿ ಕೊಡ್ಬೇಕು. ಬೇಡ ಅನ್ನಿಸಿದ ದಿನ ಬರೆದುಕೊಟ್ಟು ವಾಪಸ್ ತಗೊಳ್ಳೋಕೂ ಬರತ್ತೆ.

ಇದರಲ್ಲಿ ಇನ್ನೊಂದು ಮಾತಿದೆ, ನೀವು ಒಪ್ಪಿಗೆ ಕೊಟ್ರೂ ಯೂನಿವರ್ಸಿಟಿ ಹೇಳಬಹುದು ಅಷ್ಟೇ, ಹೇಳಲೇಬೇಕು ಅಂತ ಕಾನೂನು ಒತ್ತಾಯ ಮಾಡಲ್ಲ. ಪ್ರೊಫೆಸರ್ ಕೂತು ಅಮ್ಮನ ಜೊತೆ ಅರ್ಧ ಗಂಟೆ ಮಾತಾಡ್ತಾರೆ ಅಂತ ಅಂದ್ಕೋಬೇಡಿ.

ಫೀಸ್ ಕಟ್ಟೋಕೆ ಹೆಚ್ಚಿನ ಕಡೆ ಆಥರೈಸ್ಡ್ ಯೂಸರ್ ಅಂತ ಒಂದು ಲಾಗಿನ್ ಮಾಡಿಕೊಡಬಹುದು, ಅದರಲ್ಲಿ ಬಿಲ್ಲು ಮಾತ್ರ ಕಾಣತ್ತೆ, ಮಾರ್ಕ್ಸು ಕಾಣಲ್ಲ. ಅಪ್ಪ ಅಮ್ಮನಿಗೆ ಇದನ್ನ ಕೊಡಿ, ನಿಮ್ಮ ಸ್ವಂತ ಪಾಸ್‌ವರ್ಡ್ ಮಾತ್ರ ಕೊಡಬೇಡಿ. ನಮ್ಮ ಮನೆಗಳಲ್ಲಿ ಪಾಸ್‌ವರ್ಡ್ ಹಂಚ್ಕೊಳ್ಳೋದು ಅಂದ್ರೆ ನಂಬಿಕೆ ಅನ್ನೋ ಥರ ಆಗ್ಬಿಟ್ಟಿದೆ, ಆದ್ರೆ ಆ ಒಂದೇ ಲಾಗಿನ್‌ನಿಂದ ಇಮೇಲ್ ತೆರೆಯತ್ತೆ, ಕೋರ್ಸ್ ಡ್ರಾಪ್ ಆಗತ್ತೆ, ಅಸೈನ್‌ಮೆಂಟ್ ಸಬ್ಮಿಟ್ ಆಗತ್ತೆ, ಸಂಬಳದ ಬ್ಯಾಂಕ್ ಅಕೌಂಟೂ ಬದಲಾಯಿಸಬಹುದು, ಮತ್ತೆ ಯೂನಿವರ್ಸಿಟಿಗಳ ಐಟಿ ಪಾಲಿಸಿಲಿ ಪಾಸ್‌ವರ್ಡ್ ಹಂಚೋದೇ ತಪ್ಪು ಅಂತ ಇರತ್ತೆ. ಹಾಗೇನೇ ಬೆಂಗಳೂರಿನ ಕನ್ಸಲ್ಟೆನ್ಸಿಯವರು ನಿಮ್ಮ ಪರವಾಗಿ ಅಪ್ಲಿಕೇಷನ್ ಹಾಕಿದ್ರೆ ಅವರ ಹತ್ರ ನಿಮ್ಮ ಅಪ್ಲಿಕೇಷನ್ ಪೋರ್ಟಲ್ಲಿನ ಲಾಗಿನ್ ಇರತ್ತೆ, ಅಡ್ಮಿಷನ್ ಆದ ದಿನಾನೇ ಅದರ ಪಾಸ್‌ವರ್ಡ್ ಚೇಂಜ್ ಮಾಡಿ, ರಿಕವರಿ ಇಮೇಲು ಫೋನ್ ನಂಬರು ಅವರದ್ದೇ ಇದ್ರೆ ಅದನ್ನೂ ತೆಗೀರಿ.

ಎಜುಕೇಷನ್ ಲೋನ್ ಇದ್ದೋರಿಗೆ ಬ್ಯಾಂಕಿನೋರು ಮುಂದಿನ ಕಂತು ಬಿಡೋಕೆ ಹಿಂದಿನ ಸೆಮಿಸ್ಟರ್ ರಿಸಲ್ಟ್ ಕೇಳೋದುಂಟು. ಬ್ಯಾಂಕ್ ನೇರವಾಗಿ ಯೂನಿವರ್ಸಿಟಿಗೆ ಬರೆದ್ರೆ ನಿಮ್ಮ ಒಪ್ಪಿಗೆ ಇಲ್ದೆ ಗ್ರೇಡು ಸಿಗಲ್ಲ, ಆದ್ರಿಂದ ನೀವೇ ಪೋರ್ಟಲ್ಲಿಂದ ಅನ್‌ಅಫಿಷಿಯಲ್ ಟ್ರಾನ್ಸ್‌ಕ್ರಿಪ್ಟ್ ಡೌನ್‌ಲೋಡ್ ಮಾಡಿ ಕಳಿಸಿ, ಮ್ಯಾನೇಜರ್ ಸೀಲ್ ಇರೋದೇ ಬೇಕು ಅಂದ್ರೆ ರಿಜಿಸ್ಟ್ರಾರ್ ಹತ್ರ ಅಫಿಷಿಯಲ್ಲೇ ಆರ್ಡರ್ ಮಾಡಿ. ಫೀಸ್ ಬಾಕಿ ಇದ್ರೆ ಅಫಿಷಿಯಲ್ ಟ್ರಾನ್ಸ್‌ಕ್ರಿಪ್ಟ್ ತಡೆಹಿಡಿಯೋದಕ್ಕೆ ಫೆರ್ಪಾ ಅಡ್ಡಿ ಬರಲ್ಲ, ಆದ್ರೆ ನಿಮ್ಮ ರೆಕಾರ್ಡನ್ನ ನೀವು ನೋಡೋದನ್ನ ಅವರು ತಡೆಯೋ ಹಾಗಿಲ್ಲ.

ಅಪ್ಪ ಅಮ್ಮಂಗೆ, ಮಗ ಮಗಳು ಫೋನ್ ಎತ್ತದೇ ಇದ್ದಾಗ

ಎರಡು ದಿನ ಫೋನಿಲ್ಲ, ವಾಟ್ಸಾಪ್ ಲಾಸ್ಟ್ ಸೀನ್ ಹಳೇದು, ರೂಮ್‌ಮೇಟ್ ನಂಬರ್ ಗೊತ್ತಿಲ್ಲ, ಅಂಥಾ ಟೈಮಲ್ಲಿ ಫೆರ್ಪಾ ಇದೆ ಹಾಗಾಗಿ ಯೂನಿವರ್ಸಿಟಿ ಏನೂ ಮಾಡಲ್ಲ ಅಂತ ಕೈಚೆಲ್ಲಿ ಕೂರಬೇಡಿ ದಯವಿಟ್ಟು, ಇದನ್ನ ನಾನು ಎಷ್ಟು ಒತ್ತಿ ಹೇಳಿದ್ರೂ ಕಮ್ಮಿನೇ. ಈ ಕಾನೂನು ಅವರು ಹೇಳೋದಕ್ಕೆ ಮಿತಿ ಹಾಕತ್ತೆ, ನೀವು ಹೇಳೋದನ್ನ ಕೇಳಿಸ್ಕೊಳ್ಳೋದಕ್ಕೆ ಯಾವ ಮಿತಿನೂ ಇಲ್ಲ. ವಿದ್ಯಾರ್ಥಿಗಳ ಕಷ್ಟಸುಖ ನೋಡ್ಕೊಳ್ಳೋ ಡೀನ್ ಆಫ್ ಸ್ಟೂಡೆಂಟ್ಸ್ ಆಫೀಸಿಗೆ ಫೋನ್ ಮಾಡಿ "ನನ್ನ ಮಗಳು ಎರಡು ದಿನದಿಂದ ಸಿಗ್ತಿಲ್ಲ, ಹೋದ ವಾರ ತುಂಬ ಅಳ್ತಿದ್ಳು, ಅವಳ ಅಡ್ರೆಸ್ ಇದು, ದಯವಿಟ್ಟು ಯಾರನ್ನಾದ್ರೂ ಕಳಿಸಿ ನೋಡಿ" ಅಂತ ಹೇಳಿ. ಅವರು ನಿಮಗೆ ವಾಪಸ್ ವಿವರ ಹೇಳದೇ ಇರಬಹುದು, ಆದ್ರೆ ಹೋಗಿ ನೋಡ್ತಾರೆ. ಇದಕ್ಕೆ ಅಲ್ಲಿ ವೆಲ್ನೆಸ್ ಚೆಕ್ ಅಂತಾರೆ, ಆ ಪದಾನೇ ಬಳಸಿ, ತಕ್ಷಣ ಅರ್ಥ ಆಗತ್ತೆ. ರಾತ್ರಿ ಹೊತ್ತಾದ್ರೆ ಕ್ಯಾಂಪಸ್ ಪೊಲೀಸ್‌ಗೆ ಮಾಡಿ, ಊರಿಂದ 911 ಒತ್ತಿದ್ರೆ ಅಮೆರಿಕದ ಪೊಲೀಸರಿಗೆ ಹೋಗಲ್ಲ, ಕ್ಯಾಂಪಸ್ ಪೊಲೀಸರ ಹತ್ತು ಅಂಕಿ ನಂಬರಿಗೆ ಶುರುವಿನಲ್ಲೇ +1 ಹಾಕಿ ಈಗಲೇ ಸೇವ್ ಮಾಡಿಟ್ಕೊಳ್ಳಿ. ಮಕ್ಕಳು ಕ್ಯಾಂಪಸ್ಸಿಂದ ಹೊರಗೆ ಅಪಾರ್ಟ್‌ಮೆಂಟಲ್ಲಿದ್ರೆ ಆ ಊರಿನ ಪೊಲೀಸ್ ನಂಬರೂ ಬೇಕು, ಅಪಾರ್ಟ್‌ಮೆಂಟ್ ನಂಬರ್ ಸಮೇತ ಪೂರ್ತಿ ಅಡ್ರೆಸ್ಸೂ ಬೇಕು. ಬರೀ ಆಫೀಸಿನ ಕೆಲಸ ಆದ್ರೆ ಟೈಮ್ ನೋಡ್ಕೊಂಡು ಮಾಡಿ, ಪೂರ್ವ ಕರಾವಳಿಲಿ ಬೆಳಗ್ಗೆ 9 ಗಂಟೆ ಅಂದ್ರೆ ಬೇಸಿಗೇಲಿ ನಮ್ಮ ಸಂಜೆ 6:30, ಚಳಿಗಾಲದಲ್ಲಿ 7:30.

ಕಾನೂನಿನಲ್ಲೇ ಹೆಲ್ತ್ ಆರ್ ಸೇಫ್ಟಿ ಎಮರ್ಜೆನ್ಸಿ ಅಂತ ಒಂದು ವಿನಾಯ್ತಿ ಇದೆ, ಜೀವಕ್ಕೆ ಅಪಾಯ ಇದೆ ಅಂತ ಯೂನಿವರ್ಸಿಟಿಗೆ ಕಾರಣ ಸಮೇತ ಅನ್ನಿಸಿದ್ರೆ ಒಪ್ಪಿಗೆ ಇಲ್ದೆನೂ ಅಪ್ಪ ಅಮ್ಮಂಗೆ ಹೇಳಬಹುದು. 2007ರ ಏಪ್ರಿಲ್‌ನಲ್ಲಿ ವರ್ಜೀನಿಯಾ ಟೆಕ್ ಯೂನಿವರ್ಸಿಟಿಲಿ ಗುಂಡಿನ ದಾಳಿ ಆದ್ಮೇಲೆ, ಪ್ರೈವಸಿ ಕಾನೂನನ್ನ ತಪ್ಪಾಗಿ ಅರ್ಥ ಮಾಡ್ಕೊಂಡು ಎಲ್ಲರೂ ಬಾಯಿಮುಚ್ಚಿಕೊಂಡು ಕೂತಿದ್ರು ಅನ್ನೋ ಮಾತು ದೊಡ್ಡದಾಗಿ ಎದ್ದಿತ್ತು, ಆಮೇಲೆ 2008ರಲ್ಲಿ ನಿಯಮ ತಿದ್ದಿ ಈ ವಿಷಯದಲ್ಲಿ ಯೂನಿವರ್ಸಿಟಿಗೆ ಹೆಚ್ಚು ಸ್ವಾತಂತ್ರ್ಯ ಕೊಟ್ರು. ಮಕ್ಕಳೇ, ನಿಮ್ಮ ಪೋರ್ಟಲ್ಲಲ್ಲಿ ಎಮರ್ಜೆನ್ಸಿ ಕಾಂಟ್ಯಾಕ್ಟ್ ಅನ್ನೋ ಜಾಗದಲ್ಲಿ ಊರಿನ ನಂಬರ್ ಒಂದೇ ಹಾಕಬೇಡಿ, ಅಲ್ಲೇ ಹತ್ರ ಇರೋ ಚಿಕ್ಕಪ್ಪನದ್ದೋ ಸ್ನೇಹಿತರದ್ದೋ ಇನ್ನೊಂದು ನಂಬರ್ ಹಾಕಿ.

ಅಮೆರಿಕದಲ್ಲೇ ನೆಲೆಸಿರೋ ಕನ್ನಡದ ಮನೆಗಳದ್ದು ಸ್ವಲ್ಪ ಬೇರೆ. ಅಪ್ಪ ಅಮ್ಮ ತಮ್ಮ ಟ್ಯಾಕ್ಸ್ ರಿಟರ್ನ್‌ನಲ್ಲಿ ಮಗುವನ್ನ ಡಿಪೆಂಡೆಂಟ್ ಅಂತ ತೋರಿಸ್ತಿದ್ರೆ ಯೂನಿವರ್ಸಿಟಿ ಒಪ್ಪಿಗೆ ಇಲ್ದೆನೇ ಅವರಿಗೆ ರೆಕಾರ್ಡ್ ಕೊಡಬಹುದು, ಕೊಡಲೇಬೇಕು ಅಂತ ಅಲ್ಲ. ಹಾಗೇ 21 ತುಂಬದ ವಿದ್ಯಾರ್ಥಿ ಕುಡಿತ ಅಥವಾ ಡ್ರಗ್ಸ್ ನಿಯಮ ಮುರಿದ್ರೆ ಮನೆಗೆ ಹೇಳೋಕೂ ಅವಕಾಶ ಇದೆ. ಟ್ಯಾಕ್ಸಿನ ವಿನಾಯ್ತಿ ಹಾಸನದಲ್ಲೋ ಹುಬ್ಬಳ್ಳಿಲೋ ಇದ್ಕೊಂಡು ಬರೀ ಇಂಡಿಯಾದಲ್ಲಿ ಟ್ಯಾಕ್ಸ್ ಕಟ್ಟೋ ಅಪ್ಪ ಅಮ್ಮಂಗೆ ಕೆಲಸಕ್ಕೆ ಬರಲ್ಲ, ಅವರಿಗೆ ಮೇಲೆ ಹೇಳಿದ ಫಾರ್ಮೇ ದಾರಿ.

ಡೈರೆಕ್ಟರಿ ಇನ್ಫರ್ಮೇಷನ್

ಇದು ತುಂಬ ಜನಕ್ಕೆ ಗೊತ್ತಿರಲ್ಲ. ಹೆಸರು, ಅಡ್ರೆಸ್, ಫೋನ್, ಇಮೇಲ್, ಫೋಟೋ, ಹುಟ್ಟಿದ ತಾರೀಕು, ಮೇಜರ್ ಅಂದ್ರೆ ಓದೋ ಮುಖ್ಯ ವಿಷಯ, ಯಾವಾಗಿಂದ ಯಾವಾಗ ತನಕ ಓದಿದ್ರಿ, ಯಾವ ಡಿಗ್ರಿ ಬಂತು, ಇಂಥದ್ದನ್ನೆಲ್ಲ ಯೂನಿವರ್ಸಿಟಿ ಡೈರೆಕ್ಟರಿ ಇನ್ಫರ್ಮೇಷನ್ ಅಂತ ಪಟ್ಟಿ ಮಾಡಿಟ್ರೆ, ಅದನ್ನ ನಿಮ್ಮನ್ನ ಕೇಳದೇನೇ ಯಾರಿಗೆ ಬೇಕಾದ್ರೂ ಕೊಡಬಹುದು. ಸೋಷಿಯಲ್ ಸೆಕ್ಯುರಿಟಿ ನಂಬರ್, ಗ್ರೇಡು ಇವು ಆ ಪಟ್ಟಿಗೆ ಬರಲ್ಲ. ಪಟ್ಟಿಲಿ ಏನೇನಿದೆ ಅನ್ನೋದು ಯೂನಿವರ್ಸಿಟಿ ವರ್ಷಕ್ಕೊಂದು ಸಲ ಕೊಡಲೇಬೇಕಾದ ನೋಟಿಸಲ್ಲಿ ಇರತ್ತೆ, ನಾವೆಲ್ಲ ಓದದೇ ಆರ್ಕೈವ್ ಮಾಡೋ ಇಮೇಲ್ ಅದು, ಒಂದ್ಸಲ ತೆಗೆದು ನೋಡಿ.

ಬೇಡ ಅಂದ್ರೆ ಆಪ್ಟ್ ಔಟ್ ಮಾಡಬಹುದು, ಅಂದ್ರೆ ನನ್ನ ಮಾಹಿತಿ ಯಾರಿಗೂ ಕೊಡಬೇಡಿ ಅಂತ ಬ್ಲಾಕ್ ಹಾಕಿಸಬಹುದು. ಯಾರೋ ಹಿಂಬಾಲಿಸ್ತಿದಾರೆ, ಹಳೇ ಸಂಬಂಧದೋರು ತೊಂದ್ರೆ ಕೊಡ್ತಿದಾರೆ ಅನ್ನೋ ಪರಿಸ್ಥಿತಿ ಇದ್ರೆ ಯೋಚನೆ ಮಾಡ್ದೆ ಮಾಡಿ. ಆದ್ರೆ ಸುಮ್ನೆ ಮಾಡೋ ಮುಂಚೆ ಗೊತ್ತಿರ್ಲಿ, ಪೂರ್ತಿ ಬ್ಲಾಕ್ ಹಾಕಿದ್ರೆ ಕಾನ್ವೊಕೇಷನ್ ಪುಸ್ತಕದಲ್ಲಿ ನಿಮ್ಮ ಹೆಸರು ಬರದೇ ಇರಬಹುದು, ಕಂಪನಿಯವರು ಡಿಗ್ರಿ ವೆರಿಫೈ ಮಾಡೋಕೆ ಬಂದಾಗ ಇಂಥ ವಿದ್ಯಾರ್ಥಿ ಬಗ್ಗೆ ಮಾಹಿತಿ ಇಲ್ಲ ಅಂತ ಉತ್ತರ ಹೋಗಬಹುದು, ಆಫರ್ ಕೈಲಿಟ್ಕೊಂಡು ಒಪಿಟಿ (ಓದಿಗೆ ಸಂಬಂಧಪಟ್ಟ ಕೆಲಸ ಮಾಡೋಕೆ ಸಿಗೋ ಅನುಮತಿ) ದಿನ ಎಣಿಸ್ತಿರೋರಿಗೆ ಅದು ದೊಡ್ಡ ತಲೆನೋವು. ಓದ್ತಿರುವಾಗ ಹಾಕಿದ ಬ್ಲಾಕು ನೀವಾಗೇ ತೆಗೆಯೋ ತನಕ, ಓದು ಮುಗಿದ್ಮೇಲೂ ಇರತ್ತೆ. ಎಷ್ಟೋ ಕಡೆ ಬರೀ ಫೋನು ಅಡ್ರೆಸ್ ಮಾತ್ರ ಮುಚ್ಚಿಡೋ ಆಯ್ಕೆ ಕೊಡ್ತಾರೆ, ನನ್ನ ಪ್ರಕಾರ ಹೆಚ್ಚಿನೋರಿಗೆ ಅದು ಸಾಕು. ಇಮಿಗ್ರೇಷನ್ ಆಫೀಸಿಂದ ಮಾತಾಡ್ತಿದೀವಿ, ತಕ್ಷಣ ಗಿಫ್ಟ್ ಕಾರ್ಡಲ್ಲಿ ದುಡ್ಡು ಕಟ್ಟು ಅಂತ ಬರೋ ಮೋಸದ ಕರೆಯೋರ ಹತ್ರ ನಿಮ್ಮ ಹೆಸರು, ಯೂನಿವರ್ಸಿಟಿ, ಮೇಜರ್ ಎಲ್ಲಾ ಇದ್ರೆ ಹೆದರಬೇಡಿ, ಇಂಥ ವಿವರ ಹುಡುಕೋದು ಕಷ್ಟದ ಕೆಲಸ ಅಲ್ಲ. ಕಾಲ್ ಕಟ್ ಮಾಡಿ ಇಂಟರ್‌ನ್ಯಾಷನಲ್ ಆಫೀಸಿಗೆ ಹೇಳಿ.

ಮುಚ್ಚಿಡೋಕೆ ಆಗದೇ ಇರೋದು

ಎಫ್-1 ಹುಡುಗರಿಗೆ ಇದು ತುಂಬ ಮುಖ್ಯ. ವೀಸಾಗೆ ಸಂಬಂಧಪಟ್ಟ ಮಾಹಿತಿನ ಸೆವಿಸ್‌ಗೆ, ಅಂದ್ರೆ ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಇಡೋ ಸರ್ಕಾರಿ ಸಿಸ್ಟಮ್ಮಿಗೆ ಕೊಡೋದನ್ನ ಫೆರ್ಪಾ ತಡೆಯಲ್ಲ. ಫುಲ್ ಟೈಮ್ ಓದ್ತಿದೀರಾ, ಅಡ್ರೆಸ್ ಏನು, ಕೋರ್ಸ್ ಬಿಟ್ರಾ, ಇದನ್ನೆಲ್ಲ ಇಂಟರ್‌ನ್ಯಾಷನಲ್ ಆಫೀಸಿನ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡ್ಕೊಳ್ಳೋ ಅಧಿಕಾರಿ) ಸರ್ಕಾರಕ್ಕೆ ವರದಿ ಮಾಡಲೇಬೇಕು. ಮನೆ ಬದಲಾಯಿಸಿದ್ರೆ 10 ದಿನದೊಳಗೆ ಹೊಸ ಅಡ್ರೆಸ್ ಕೊಡ್ಬೇಕು. ಬ್ಯಾಚುಲರ್ಸ್‌ಗೆ ಸೆಮಿಸ್ಟರ್ ಪದ್ಧತೀಲಿ ಕನಿಷ್ಠ 12 ಕ್ರೆಡಿಟ್ ಬೇಕು, ಮಾಸ್ಟರ್ಸ್‌ಗೆ ಎಷ್ಟು ಅನ್ನೋದು ಯೂನಿವರ್ಸಿಟಿ ತೀರ್ಮಾನ, ಸುಮಾರು ಕಡೆ 9.

ಹಾಗಾಗಿ ಅಕಾಡೆಮಿಕ್ ಪಾಲಿಸಿ ಮತ್ತು ವೀಸಾ ಎರಡೂ ಒಂದಕ್ಕೊಂದು ಗಂಟು ಹಾಕ್ಕೊಂಡಿರ್ತವೆ. ಮಿಡ್‌ಟರ್ಮ್ ಕೆಟ್ಟೋಯ್ತು, ಕೋರ್ಸ್ ಡ್ರಾಪ್ ಮಾಡಿದ್ರೆ ಜಿಪಿಎ ಉಳಿಯತ್ತೆ ಅಂತ ಅಡ್ವೈಸರ್ ಹೇಳಿದ್ರು ಅನ್ಕೊಳ್ಳಿ, ಅವರು ಹೇಳಿದ್ದು ಓದಿನ ಮಟ್ಟಿಗೆ ಸರಿನೇ ಇರತ್ತೆ, ಆದ್ರೆ ಡ್ರಾಪ್ ಬಟನ್ ಒತ್ತೋ ಮುಂಚೆ ಡಿಎಸ್‌ಒ ಒಪ್ಪಿಗೆ ಸಿಗದೇ ಇದ್ರೆ ಫುಲ್ ಟೈಮಿಗಿಂತ ಕೆಳಗೆ ಹೋಗಿ ಎಫ್-1 ಸ್ಟೇಟಸ್ಸೇ ಹೋಗಬಹುದು. ಕಾಯಿಲೆ ಇದ್ರೆ ಡಾಕ್ಟರ್ ಪತ್ರ ಕೊಟ್ಟು ಕಮ್ಮಿ ಕೋರ್ಸ್ ತಗೊಳ್ಳೋಕೆ ದಾರಿ ಇದೆ, ಒಂದು ಡಿಗ್ರಿ ಹಂತಕ್ಕೆ ಒಟ್ಟು 12 ತಿಂಗಳ ತನಕ. ಹೊಸದಾಗಿ ಬಂದು ಭಾಷೆಗೋ ಅಲ್ಲಿನ ಪಾಠದ ಕ್ರಮಕ್ಕೋ ಹೊಂದ್ಕೊಳ್ಳೋಕೆ ಆಗ್ತಿಲ್ಲ ಅಂದ್ರೆ ಅದಕ್ಕೂ ಒಂದು ಸಲ ಅವಕಾಶ ಇದೆ. ಒಳಗೊಳಗೇ ನುಂಗ್ಕೊಂಡು ಕೂರೋ ಹುಡುಗರೇ ತೊಂದ್ರೆಗೆ ಸಿಕ್ಕಿಹಾಕ್ಕೊಳ್ಳೋದು, ಮೊದಲೇ ಹೋಗಿ ಕೇಳಿದೋರಿಗೆ ಏನಾದ್ರೂ ಒಂದು ದಾರಿ ಹೆಚ್ಚುಕಮ್ಮಿ ಸಿಗತ್ತೆ. ಮನೆಯವರಿಗೆ ಸುದ್ದಿ ಹೋಗತ್ತೆ ಅನ್ನೋ ಭಯ ಬೇಡ, ಡಿಎಸ್‌ಒ ಜೊತೆ ಮಾತಾಡಿದ್ದು ಅಪ್ಪನಿಗೆ ತಾನಾಗೇ ಹೋಗಲ್ಲ.

ನಿಮ್ಮ ಫೈಲ್ ನೀವೇ ನೋಡೋದು, ತಿದ್ದಿಸೋದು

ನಿಮ್ಮ ರೆಕಾರ್ಡ್ ತೋರಿಸಿ ಅಂತ ಬರೆದು ಕೇಳಿದ್ರೆ 45 ದಿನದೊಳಗೆ ತೋರಿಸ್ಬೇಕು. ರಿಜಿಸ್ಟ್ರಾರ್‌ಗೆ ಇಮೇಲ್ ಮಾಡಿ, ಫೆರ್ಪಾ ಪ್ರಕಾರ ಇಂಥಿಂಥ ರೆಕಾರ್ಡ್ ನೋಡ್ಬೇಕು ಅಂತ ಹೆಸರಿಟ್ಟು ಕೇಳಿ: ಡಿಪಾರ್ಟ್‌ಮೆಂಟಲ್ಲಿರೋ ಫೈಲು, ಅಡ್ಮಿಷನ್ ಫೈಲು, ಕಂಡಕ್ಟ್ ಆಫೀಸಿನ ಫೈಲು, ಜೊತೆಗೆ ನನ್ನ ರೆಕಾರ್ಡನ್ನ ಹೊರಗಿನವರು ಯಾರು ಕೇಳಿದ್ರು, ಯಾರಿಗೆ ಕೊಟ್ರಿ ಅನ್ನೋ ಪಟ್ಟಿ. "ಎಲ್ಲಾ ಕೊಡಿ" ಅಂದ್ರೆ ಯಾವುದೂ ಸರಿಯಾಗಿ ಬರಲ್ಲ. ಫೈಲ್ ಹುಡುಕಿದ್ದಕ್ಕೆ ದುಡ್ಡು ಕೇಳೋ ಹಾಗಿಲ್ಲ, ಕಾಪಿಗೆ ಮಾತ್ರ ತಗೋಬಹುದು. ಓದು ಮುಗಿಸಿ ಬೆಂಗಳೂರಿಗೆ ವಾಪಸ್ ಬಂದಿದೀರ, ಅಲ್ಲಿಗೆ ಹೋಗಿ ನೋಡೋಕಾಗಲ್ಲ ಅಂದ್ರೆ ಕಾಪಿನೋ ಬೇರೆ ವ್ಯವಸ್ಥೆನೋ ಅವರೇ ಮಾಡ್ಬೇಕು. 2015ರಲ್ಲಿ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ಇದೇ ಕಾನೂನು ಹಿಡ್ಕೊಂಡು ತಮ್ಮ ಅಡ್ಮಿಷನ್ ಫೈಲ್ ನೋಡೋಕೆ ಅರ್ಜಿ ಹಾಕಿದ್ರು, ದೊಡ್ಡ ಸುದ್ದಿ ಆಗಿತ್ತು. ಆದ್ರೆ ಸೇರದೇ ಇರೋ ಯೂನಿವರ್ಸಿಟಿಲಿ, ರಿಜೆಕ್ಟ್ ಆದ ಕಡೆ, ಈ ಹಕ್ಕಿಲ್ಲ.

ರೆಕಮಂಡೇಷನ್ ಲೆಟರ್ ವಿಷಯಕ್ಕೆ ಬಂದ್ರೆ, ಅಪ್ಲಿಕೇಷನ್‌ನಲ್ಲಿ ನೋಡೋ ಹಕ್ಕು ಬಿಟ್ಟುಕೊಡ್ತೀರಾ ಅಂತ ಒಂದು ಪ್ರಶ್ನೆ ಇರತ್ತಲ್ಲ, ಅದು ಇದೇ ಫೆರ್ಪಾ ಹಕ್ಕು. ಬಿಟ್ಟುಕೊಡೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ಪ್ರೊಫೆಸರ್ ಮುಕ್ತವಾಗಿ ಬರೆದಿದಾರೆ ಅಂತ ಓದೋರಿಗೆ ನಂಬಿಕೆ ಬರತ್ತೆ. ಆದ್ರೆ ಒತ್ತಾಯ ಮಾಡಿ ಬಿಡಿಸೋ ಹಾಗಿಲ್ಲ.

ತಿದ್ದುಪಡಿ ಕೇಳೋ ಹಕ್ಕೂ ಇದೆ, ಅವರು ಆಗಲ್ಲ ಅಂದ್ರೆ ಹಿಯರಿಂಗ್ ಕೇಳಬಹುದು, ಅಲ್ಲೂ ಸೋತ್ರೆ ನಿಮ್ಮ ಹೇಳಿಕೆನ ಫೈಲಿಗೆ ಸೇರಿಸಬಹುದು. ಆದ್ರೆ ಪ್ರೊಫೆಸರ್ ಬಿ ಕೊಟ್ರು, ನನಗೆ ಎ ಬರ್ಬೇಕಿತ್ತು ಅನ್ನೋ ಜಗಳಕ್ಕೆ ಇದು ದಾರಿ ಅಲ್ಲ, ಅದಕ್ಕೆ ಗ್ರೇಡ್ ಅಪೀಲ್ ಪಾಲಿಸಿ ಬೇರೆ ಇರತ್ತೆ, ಅದರ ಗಡುವು ಸಣ್ಣದು. ಪ್ರೊಫೆಸರ್ ಎ ಕೊಟ್ಟು ಸಿಸ್ಟಮ್ಮಲ್ಲಿ ಬಿ ಅಂತ ಎಂಟ್ರಿ ಆಗಿದ್ರೆ ಅದು ಫೆರ್ಪಾ ತಿದ್ದುಪಡಿ.

ನಮ್ಮೋರಿಗೆ ಬರೋ ನಿಜವಾದ ತೊಂದ್ರೆ ಹೆಸರಿಂದು. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಅಂತಾನೇ ಇಲ್ಲ, ಊರಿನ ಹೆಸರು ಅಪ್ಪನ ಹೆಸರು ಇನಿಷಿಯಲ್ ಆಗಿರತ್ತೆ. ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ರೆ ವೀಸಾದಲ್ಲಿ ನಿಮ್ಮ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಅಂತ ಬರತ್ತೆ, ಅದೇ ಯೂನಿವರ್ಸಿಟಿ ಐಡಿಗೂ, ಇಮೇಲಿಗೂ, ಕೊನೆಗೆ ಡಿಗ್ರಿ ಸರ್ಟಿಫಿಕೇಟಿಗೂ ಇಳಿಯತ್ತೆ. ಆಗೋದಾದ್ರೆ ಅಪ್ಲಿಕೇಷನ್ ಹಾಕೋ ಮುಂಚೆನೇ ಪಾಸ್‌ಪೋರ್ಟ್ ಸರಿ ಮಾಡಿಸಿ. ಆಗ್ಲಿಲ್ಲ ಅಂದ್ರೆ ಮೊದಲ ಸೆಮಿಸ್ಟರಲ್ಲೇ ರಿಜಿಸ್ಟ್ರಾರ್ ಮತ್ತು ಡಿಎಸ್‌ಒ ಇಬ್ಬರ ಹತ್ರಾನೂ ಮಾತಾಡಿ ಪ್ರಿಫರ್ಡ್ ನೇಮ್ ಹಾಕಿಸಿ, ಡಿಗ್ರಿ ಸರ್ಟಿಫಿಕೇಟಲ್ಲಿ ಹೆಸರು ಹೇಗೆ ಬರತ್ತೆ ಅಂತ ಗ್ರಾಜುಯೇಷನ್ ಅಪ್ಲಿಕೇಷನ್ ತುಂಬುವಾಗ ಇನ್ನೊಂದ್ಸಲ ಕಣ್ಣಾಡಿಸಿ.

ನೀವು ಟಿಎ ಆಗಿದ್ರೆ

ಟಿಎ ಅಂದ್ರೆ ಟೀಚಿಂಗ್ ಅಸಿಸ್ಟೆಂಟ್, ಪ್ರೊಫೆಸರಿಗೆ ಪಾಠದಲ್ಲಿ, ಪೇಪರ್ ತಿದ್ದೋದ್ರಲ್ಲಿ ಸಹಾಯ ಮಾಡೋ ವಿದ್ಯಾರ್ಥಿ. ಆಗ ನೀವು ಬೇರೆಯವರ ಗುಟ್ಟು ಕಾಯೋರು. ಮಾರ್ಕ್ಸ್ ಶೀಟನ್ನ ಐಡಿ ನಂಬರ್ ಸಮೇತ ಬಾಗಿಲಿಗೆ ಅಂಟಿಸೋದು, ತಿದ್ದಿದ ಪೇಪರ್ ಕಟ್ಟು ಕಾರಿಡಾರಲ್ಲಿ ಇಟ್ಟು ನಿಮ್ಮದು ನೀವೇ ಹುಡುಕಿ ತಗೊಳ್ಳಿ ಅನ್ನೋದು, ನಮ್ಮ ಕಡೆ ಮಾಮೂಲಾಗಿ ನಡೆಯೋ ಇವೆರಡೂ ಅಲ್ಲಿ ತಪ್ಪು. ರೂಮ್‌ಮೇಟ್ ಅದೇ ಕ್ಲಾಸಲ್ಲಿದ್ದು "ಅವನಿಗೆಷ್ಟು ಬಂತು ಹೇಳೋ ಮಗಾ" ಅಂದ್ರೂ ಹೇಳ್ಬೇಡಿ, ಗ್ರೇಡ್ ಶೀಟಿನ ಸ್ಕ್ರೀನ್‌ಶಾಟನ್ನ ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ, ವಿದ್ಯಾರ್ಥಿ ಹೆಸರಿರೋ ಅಸೈನ್‌ಮೆಂಟನ್ನ ಯೂನಿವರ್ಸಿಟಿ ಒಪ್ಪದ ಯಾವುದೋ ಎಐ ಟೂಲಿಗೆ ಪೇಸ್ಟ್ ಮಾಡಿ ತಿದ್ದಿಸ್ಬೇಡಿ. ಇಂಥಾ ತಪ್ಪಿಗೆ ಅಸಿಸ್ಟೆಂಟ್‌ಶಿಪ್ ಹೋದ್ರೆ ಅದರ ಜೊತೆ ಟ್ಯೂಷನ್ ವೇವರ್ರೂ (ಫೀಸ್ ಮಾಫಿ) ಹೋಗಬಹುದು.

ನಿಮ್ಮ ರೆಕಾರ್ಡನ್ನೇ ಯಾರೋ ಹೀಗೆ ಹೊರಗೆ ಬಿಟ್ರೆ ಮೊದಲು ರಿಜಿಸ್ಟ್ರಾರ್‌ಗೆ ಬರೆದು ಹೇಳಿ, ತಾರೀಕು, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಸರಿ ಹೋಗ್ಲಿಲ್ಲ ಅಂದ್ರೆ ಎಜುಕೇಷನ್ ಡಿಪಾರ್ಟ್‌ಮೆಂಟಿನ ಸ್ಟೂಡೆಂಟ್ ಪ್ರೈವಸಿ ಪಾಲಿಸಿ ಆಫೀಸಿಗೆ ದೂರು ಕೊಡಬಹುದು, ವಿಷಯ ಆಗಿ ಅಥವಾ ನಿಮಗೆ ಗೊತ್ತಾಗಿ 180 ದಿನದೊಳಗೆ. ಫೆರ್ಪಾ ಮುರಿದ್ರು ಅಂತ ನೇರವಾಗಿ ಕೋರ್ಟಿಗೆ ಹೋಗಿ ಪರಿಹಾರ ಕೇಳೋಕೆ ಬರಲ್ಲ, 2002ರಲ್ಲಿ ಗೊಂಜಾಗಾ ಯೂನಿವರ್ಸಿಟಿ ಕೇಸಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನ ಹೇಳಿದೆ, ಹಾಗಾಗಿ ದೂರು ಅನ್ನೋದೇ ಕೈಲಿರೋ ದಾರಿ, ಅದನ್ನ ಇಮೇಲ್ ಪುರಾವೆ ಸಮೇತ ಗಟ್ಟಿಯಾಗಿ ಬರೀರಿ. ಕ್ಯಾಂಪಸ್ ಬಿಟ್ಟ ಮೇಲೆ ಯೂನಿವರ್ಸಿಟಿ ಇಮೇಲ್ ಎಷ್ಟೋ ಕಡೆ ಬಂದ್ ಆಗತ್ತೆ, ಟ್ರಾನ್ಸ್‌ಕ್ರಿಪ್ಟು, ಎಲ್ಲಾ ಐ-20ಗಳು (ವೀಸಾಗೆ ಯೂನಿವರ್ಸಿಟಿ ಕೊಡೋ ಫಾರ್ಮು), ಸಿಲಬಸ್ಸು, ಒಪ್ಪಿಗೆ ಫಾರ್ಮಿನ ಕಾಪಿ, ಇವನ್ನೆಲ್ಲ ಅದಕ್ಕೆ ಮುಂಚೆನೇ ಸ್ವಂತ ಇಮೇಲಿಗೆ ಕಳಿಸಿ ಇಟ್ಕೊಳ್ಳಿ.